ತೀರ್ಥಕ್ಕೊಂದು ಬಕೆಟ್

ವಾರಕ್ಕೊಮ್ಮೆ ವೈನ್ ರಸಿಕರ ಸಂಘಕ್ಕೆ ಹೋಗುತ್ತಿದ್ದ ಗುರುಪ್ರಸನ್ನ, ಮನೆಯಲ್ಲಿ ಅದನ್ನು ಗಮಕದ ಪಾಠವೆಂದು ನಂಬಿಸಿದ್ದ. ಅವನ ಅತ್ತೆ ಭಜನಾ ಮಂಡಳಿಯ ಅಧ್ಯಕ್ಷೆ. ಕುಡಿಯುವವರ ನೆರಳೂ ಅವರಿಗೆ ಆಗದೆಂದು ಮನೆಯವರೆಲ್ಲ ಹೇಳುತ್ತಿದ್ದರು.

ಅತ್ತೆಯ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಪುರೋಹಿತರು ಅಂಗೈಗೆ ತೀರ್ಥ ಹಾಕಿದ್ದೇ ತಡ, ಸಂಘದ ಚಾಳಿ ಅವನ ಮೈಮೇಲೆ ಬಂತು. ತೀರ್ಥವನ್ನು ದೀಪದ ಬೆಳಕಿಗೆ ಹಿಡಿದು ನೋಡಿದ, ಮೆಲ್ಲಗೆ ಕುಲುಕಿ ಮೂಸಿದ, ಸೊರ್ರೆಂದು ಹೀರಿ ಬಾಯಲ್ಲೆಲ್ಲ ಹೊರಳಿಸಿದ. ಆಮೇಲೆ, ಸಂಘದಲ್ಲಿ ವೈನಿನ ರುಚಿ ನೋಡಿದ ಮೇಲೆ ಮಾಡುವಂತೆಯೇ, ಉಗುಳಲು ಬಕೆಟ್ ಹುಡುಕಿದ.

"ಏನ್ರೀ ಇದು ನಿಮ್ಮ ಅವತಾರ?" ಹೆಂಡತಿ ಗದರಿದಳು. ಬಾಯಿ ತುಂಬಿದ್ದವನು ಸುಳ್ಳನ್ನಾದರೂ ಹೇಗೆ ಹೇಳಿಯಾನು?

ಅತ್ತೆ ಹತ್ತಿರ ಬಂದು ಕಿವಿಯಲ್ಲಿ ಪಿಸುಗುಟ್ಟಿದರು: "ತೀರ್ಥ ಯಾರಾದ್ರೂ ಉಗುಳ್ತಾರಾ, ಅಳಿಯಂದ್ರೇ? ನಮ್ಮ ಭಜನಾ ಮಂಡಳೀಲಿ ನಾವು ವೈನನ್ನೇ ಉಗುಳಲ್ಲ!"