ಭೂಮ್ತಾಯಿ ಬ್ಯಾಡ್ಜ್

ಇಂದಿರಾ ಹೆರಿಗೆ ರಜೆಯಲ್ಲಿದ್ದಾಗ ಮ್ಯಾನೇಜರ್ ಸೂರ್ಯನಾರಾಯಣ ಅವಳ ಕೋಣೆಯ ಮೊಳೆಯಿಂದ ಒಂದು ಬ್ಯಾಡ್ಜ್ ತೆಗೆದು, ವಿಕಿರಣದ ಮೂಲವಿಟ್ಟ ಕೋಣೆಯ ಬಾಗಿಲ ಹಿಂದೆ ತೂಗುಹಾಕಿದ. ಅವಳ ರಜೆ ಮುಗಿಯುವ ತನಕ ಅದು ಅಲ್ಲೇ ಇತ್ತು.

ಕೆಲಸಕ್ಕೆ ಮರಳಿದ ದಿನವೇ ಅದು ಅವಳ ಕಣ್ಣಿಗೆ ಬಿತ್ತು. ಘಾಜಿಯಾಬಾದಿನ ಆ ಶೆಡ್ಡಿನಲ್ಲಿ ಅಣು ವಿದ್ಯುತ್ ಸ್ಥಾವರಕ್ಕೆ ಹೋಗುವ ಪೈಪುಗಳ ಬೆಸುಗೆಯನ್ನು ಗಾಮಾ ಕಿರಣ ಹಾಯಿಸಿ ಪರೀಕ್ಷಿಸುತ್ತಿದ್ದರು. ಅಲ್ಲಿನ ಸುರಕ್ಷತೆಯ ಹೊಣೆ ಅವಳದು. ಮೀಟರು ಹಿಡಿದು ಕೋಣೆ ಕೋಣೆ ಸುತ್ತುತ್ತಿದ್ದವಳು ಆ ಬಾಗಿಲ ಹಿಂದೆ ಧೂಳು ಹಿಡಿದು ನೇತಾಡುತ್ತಿದ್ದ ಬ್ಯಾಡ್ಜನ್ನು ಕಂಡು ಗಕ್ಕನೆ ನಿಂತಳು. ಅದನ್ನು ಬಿಚ್ಚಿ ಹಿಡಿದುಕೊಂಡು ನೇರ ಮ್ಯಾನೇಜರನ ಕೋಣೆಗೆ ನಡೆದಳು.

ಕೆಲಸಗಾರರು ಎದೆಗೆ ಸಿಕ್ಕಿಸಿಕೊಳ್ಳುವ ಬ್ಯಾಡ್ಜು ಅವರವರ ಮೈಗೆ ಬಿದ್ದ ವಿಕಿರಣವನ್ನು ಹಿಡಿದಿಡುತ್ತದೆ. ಈ ಒಂದನ್ನು ಮಾತ್ರ ಯಾರೂ ತೊಡುವಂತಿಲ್ಲ. ಅದು ದೂರದಲ್ಲಿ, ಇಂದಿರಾಳ ಕೋಣೆಯಲ್ಲಿ ತೂಗುತ್ತ, ನೆಲ ಗೋಡೆ ಆಕಾಶ ಎಲ್ಲರಿಗೂ ಹಂಚುವ ಸಹಜ ವಿಕಿರಣವನ್ನಷ್ಟೇ ಹಿಡಿಯಬೇಕು. ಪ್ರಯೋಗಾಲಯದವರು ಅದರ ಅಂಕಿಯನ್ನು ಪ್ರತಿಯೊಬ್ಬನ ಅಂಕಿಯಿಂದ ಕಳೆಯುತ್ತಾರೆ; ಉಳಿದದ್ದು ಕೆಲಸದಿಂದ ಬಂದದ್ದು. ಬೆಸುಗೆ ಪರೀಕ್ಷಿಸುವ ಕೆಂಪಣ್ಣ ಅದಕ್ಕೆ ಭೂಮ್ತಾಯಿ ಬ್ಯಾಡ್ಜ್ ಎಂದು ಹೆಸರಿಟ್ಟಿದ್ದ. ಕನ್ನಡದ ಗಂಧವಿಲ್ಲದವರೂ “ಭೂಮ್ತಾಯಿ ಕಹಾಂ ಹೈ?” ಎಂದೇ ಕೇಳುತ್ತಿದ್ದರು.

“ಭೂಮ್ತಾಯಿ ಯಾಕೆ ಸೋರ್ಸ್ ರೂಮಿಗೆ ಹೋದ್ಲು, ಸರ್?”

ಸೂರ್ಯನಾರಾಯಣ ಉಳಿದ ಬ್ಯಾಡ್ಜುಗಳನ್ನು ಪೆಟ್ಟಿಗೆಯಲ್ಲಿ ಜೋಡಿಸುತ್ತಿದ್ದ. ಹೊರಗೆ ಕೊರಿಯರಿನವನ ಬೈಕು ಆರದೆ ಗುರುಗುಡುತ್ತಿತ್ತು. “ಬಂದ್ಯಾ? ಮಗು ಹೇಗಿದೆ? ಅಚ್ಛಾ, ಕೊಡಿಲ್ಲಿ ಅದನ್ನ. ಅದೊಂದೇ ಬಾಕಿ.”

“ಇದು ಲ್ಯಾಬಿಗೆ ಹೋದ್ರೆ ಎಲ್ಲರ ಲೆಕ್ಕವೂ ಸೊನ್ನೆ ಬರುತ್ತೆ.”

“ಬರ್ಲಿ ಬಿಡು! ಸೊನ್ನೆಗಿಂತ ದೊಡ್ಡ ಸೇಫ್ಟಿ ಯಾವುದಿದೆ?” ತನ್ನ ಮಾತಿಗೆ ತಾನೇ ನಕ್ಕ. “ಲ್ಯಾಬಿನವರು ಕೇಳಿದ್ರೆ, ಆಫೀಸಿಗೆ ಹೊಸ ಗ್ರಾನೈಟ್ ಹಾಕಿಸಿದೀವಿ, ಎಲ್ಲ ನ್ಯಾಚುರಲ್ಲು ಅನ್ನು. ಕಲ್ಲಲ್ಲೂ ವಿಕಿರಣ ಇರುತ್ತೆ ಅಂತ ಪಾಠ ಹೇಳಿಕೊಟ್ಟೋಳು ನೀನೇ ಅಲ್ವಾ?”

ಪಾಠ ಅವಳದೇ. ಹೊಸಬರು ಹೆದರಿದಾಗ ಮೀಟರನ್ನು ಗೇಟಿನ ಕಲ್ಲುಮೆಟ್ಟಿಲಿಗೆ ಹಿಡಿದು ಅದರ ಟಿಕ್ ಟಿಕ್ ಕೇಳಿಸಿ, “ಇದು ಹುಟ್ಟಿದಾಗಿಂದ ನಮ್ಮ ಜೊತೆಗಿರೋದು, ಹೆದರಬೇಡಿ. ಕೆಲಸ ಕೊಡೋದಕ್ಕೆ ಮಾತ್ರ ಲೆಕ್ಕ ಇಡಿ” ಎನ್ನುತ್ತಿದ್ದಳು. ಹೆದರಿಕೆ ಬಿಡಿಸಲು ಆಡಿದ ಮಾತನ್ನು ಈ ಮನುಷ್ಯ ಲೆಕ್ಕ ನುಂಗಲು ಎತ್ತಿಕೊಂಡಿದ್ದ.

“ನಾನು ಕೋಲಾರದವಳು, ಸರ್. ಬಂಡೆ ಮೇಲೇ ಆಡಿ ಬೆಳೆದೋಳು. ಬಂಡೆ ಮೇಲೆ ಸುಳ್ಳು ಹೇಳ್ಬೇಡಿ.”

ಅವನ ದನಿ ಮೆತ್ತಗಾಯಿತು. “ನೋಡಮ್ಮಾ, ನೀನು ನನ್ನ ತಂಗಿ ಇದ್ದ ಹಾಗೆ. ಕೆಲಸ ಬಿಟ್ಟುಹೋದವರ ಪಾಲನ್ನೂ ಕೆಂಪಣ್ಣನೇ ಮಾಡಿದಾನೆ. ನಿಜವಾದ ಅಂಕಿ ಬಂದ್ರೆ, ಮಿತಿ ದಾಟಿದೆ ಅಂತ ಅವನನ್ನ ಸೋರ್ಸ್ ಹತ್ತಿರ ಬಿಡೋದಿಲ್ಲ. ಪೈಪು ತಡ ಆಗುತ್ತೆ. ಆಮೇಲೆ ಅವನ ಮನೆ ಯಾರು ನೋಡ್ಕೊತಾರೆ? ನೀನಾ?”

“ನನ್ನ ಮನೆ ವಿಚಾರ ನನ್ನನ್ನೇ ಕೇಳ್ಬೋದಿತ್ತು.”

ಬಾಗಿಲಲ್ಲಿ ಕೆಂಪಣ್ಣ ನಿಂತಿದ್ದ. ಕೈಯಲ್ಲಿ ಕೆಂಪು ಮಾರ್ಕರ್. ಬಿರುಕು ಕಂಡ ಬೆಸುಗೆಯ ಮೇಲೆ ಅದರಿಂದ ಕತ್ತರಿ ಗುರುತು ಎಳೆಯುವುದು ಅವನ ಕೆಲಸ. ಆ ಗುರುತು ಬಿದ್ದ ಪೈಪು, ಮಾಲೀಕನೇ ಬಂದು ಗೋಗರೆದರೂ, ಗೇಟು ದಾಟಿದ್ದಿಲ್ಲ. “ನಮ್ಮ ಕಣ್ಣು ತಪ್ಪಿಸಿ ಕೂದಲೆಳೆ ಬಿರುಕೂ ಸ್ಥಾವರಕ್ಕೆ ಹೋಗಿಲ್ಲ, ಮೇಡಮ್” ಎಂದು ಅವನು ಎದೆ ತಟ್ಟಿಕೊಂಡಾಗಲೆಲ್ಲ ಅಂಗೈ ಬ್ಯಾಡ್ಜಿಗೇ ಬೀಳುತ್ತಿತ್ತು. ಇಡೀ ಶೆಡ್ಡು ತಲೆಯೆತ್ತಿ ನಡೆಯುತ್ತಿದ್ದದ್ದು ಆ ಒಂದು ಮಾತಿನ ಮೇಲೆ.

“ನಮ್ಮ ಮೈಗೆ ಬಿದ್ದಿದ್ದನ್ನೆಲ್ಲ ಭೂಮ್ತಾಯಿ ತಲೆಗೆ ಕಟ್ಟಿಬಿಟ್ರಾ, ಸರ್?” ಅವನು ಕೂಗಾಡಲಿಲ್ಲ. “ಸೋರ್ಸ್ ಮುಟ್ಟಬೇಡ ಅಂದ್ರೆ ಮುಟ್ಟಲ್ಲ. ತೆಗೆದ ಬೆಸುಗೆ ಫಿಲ್ಮು ನೋಡಿ ಬಿರುಕು ಹುಡುಕ್ತೀನಿ, ಹೊಸಬರಿಗೆ ಕಲಿಸ್ತೀನಿ. ಆದ್ರೆ ನಾನು ತಿಂದಿದ್ದು ನನ್ನ ಹೆಸರಲ್ಲೇ ಇರ್ಲಿ. ಪುಕ್ಕಟೆ ಏನೂ ತಿಂದಿಲ್ಲ, ಒಂದೊಂದು ಪೈಪೂ ನೋಡಿ ತಿಂದಿದೀನಿ.”

“ನೀನು ಹೋಗು, ಕೆಲಸ ನೋಡು. ಇಂದಿರಾ, ಕೊರಿಯರ್ ಭಯ್ಯಾ ಎಷ್ಟೊತ್ತು ಕಾಯ್ತಾನೆ? ಚಲೋ, ಹಾಕು ಒಳಗೆ.” ಪೆಟ್ಟಿಗೆಯನ್ನು ಅವಳ ಮುಂದಕ್ಕೆ ತಳ್ಳಿದ.

ಇಂದಿರಾ ಕೆಂಪಣ್ಣನತ್ತ ಕೈ ಚಾಚಿದಳು. ಅವನು ಮಾರ್ಕರ್ ಕೊಟ್ಟ. ಅವಳು ಸೆರಗಿನಿಂದ ಬ್ಯಾಡ್ಜಿನ ಧೂಳು ಒರೆಸಿ, ಅದರ ಮುಖದ ಮೇಲೆ ಈ ಮೂಲೆಯಿಂದ ಆ ಮೂಲೆಗೆ ಕೆಂಪು ಕತ್ತರಿ ಎಳೆದಳು.

“ಉಳಿದವು ಹೋಗ್ಲಿ, ಸರ್. ಇದು ಇಷ್ಟು ದಿನ ಎಲ್ಲಿ ನೇತಾಡ್ತಿತ್ತು ಅಂತ ಲ್ಯಾಬಿಗೆ ನಾನೇ ಫೋನ್ ಮಾಡಿ ಹೇಳ್ತೀನಿ.”

“ಇಂದಿರಾ! ಒಳಗೆ ಹಾಕು ಅಂದೆ!”

ಅವಳು ಬ್ಯಾಡ್ಜನ್ನು ಮುಷ್ಟಿಯೊಳಗೆ ಮುಚ್ಚಿಕೊಂಡಳು.

“ಗುರುತು ಬಿದ್ದದ್ದು ನಮ್ಮ ಗೇಟು ದಾಟೋದಿಲ್ಲ, ಸರ್.”