ಚಂದ್ರನಲ್ಲಿಗೆ ಹೊರಟ ಹೆಸರು

"ಮಗಳು ಎಲ್ಲಿ ಅಂಕಲ್? ಒಂದು ಫೋಟೋ ತೆಗೆಯುವ," ಎಂದಳು ಚಿನ್ಮಯಿ. ಬಲ್ಮಠದ ಖಗೋಳ ಮೇಳದಲ್ಲಿ, ಚಂದ್ರನಲ್ಲಿಗೆ ಹೋಗುವ ನೌಕೆಯ ಚಿಪ್‌ಗೆ ಜನರ ಹೆಸರು ಸೇರಿಸುತ್ತಿದ್ದ ವಿದ್ಯಾರ್ಥಿನಿ ಅವಳು. ಪರದೆಯ ಮೇಲೆ 'ಮೋಕ್ಷಾ' ಎಂದಿತ್ತು.

"ತೀರಿಹೋಗಿ ಎರಡು ವರ್ಷ ಆಯ್ತು," ಎಂದ ಮೋಹನದಾಸ್. ಚಂದ್ರನನ್ನು ಕಂಡರೆ ಕುಣಿಯುತ್ತಿದ್ದ ಮಗುವಿನ ಹೆಸರಾದರೂ ಅಲ್ಲಿಗೆ ಹೋಗಲಿ ಎಂಬುದು ಅವನ ಆಸೆ.

"ಅದು ತಿರುಗಿ ಬರ್ತದಾ?" ಹೆಂಡತಿ ಬಾಗಿ ಕೇಳಿದಳು.

"ಇಲ್ಲ ಆಂಟಿ, ಅಲ್ಲೇ ಉಳೀತದೆ."

"ಹಾಗಾದ್ರೆ ಬೇಡ. ಆಟಿಯಲ್ಲಿ ಎಲೆ ಹಾಕಿ ಕರೆದ್ರೆ ಅವಳು ಉಣ್ಣಲಿಕ್ಕೆ ಬರುವುದು ಹೇಗೆ?"

ಆಟಿ ತಿಂಗಳಲ್ಲಿ ಸತ್ತವರಿಗೆ ಬಡಿಸಿ, ಅವರು ಬಂದು ಉಣ್ಣಲೆಂದು ಕೋಣೆಯ ಬಾಗಿಲು ಮುಚ್ಚುವುದನ್ನು ಮೋಹನದಾಸ್ ಎಂದೂ ನಂಬಿದವನಲ್ಲ. ಚಿನ್ಮಯಿ ಅವನ ಮುಖ ನೋಡಿದಳು. "ಕಳಿಸುವುದಾ ಅಂಕಲ್?"

ಹೌದು ಎನ್ನಲು ಅವನು ಬಾಯಿ ತೆರೆದ. ಬಾಗಿಲು ಮುಚ್ಚಿದ ಕೋಣೆಯಲ್ಲಿ, ಯಾರೂ ಬಾರದೆ ಆರುತ್ತಿರುವ ಅನ್ನ ಕಣ್ಣೆದುರು ಬಂತು.

"ತೆಗೆದುಬಿಡು ಮಗಾ," ಎಂದ. "ಅಷ್ಟು ದೂರ ಬೇಡ."