ಎತ್ತದ ಕೈ

"ಹೀಗೆ ವಾಲ್ತು ನೋಡಿ," ಎಂದು ಅತ್ತೆ ಬಲಗೈಯನ್ನು ಗಾಳಿಯಲ್ಲಿ ಓರೆ ಮಾಡಿದರು. ಎಡ ಮಣಿಕಟ್ಟಿಗೆ ಪಟ್ಟಿ ಸುತ್ತಿತ್ತು. ಇಲ್ಲದಿದ್ದರೆ ಈ ಕಥೆಗೆ ಎರಡೂ ಕೈ ಬೇಕಾಗುತ್ತಿತ್ತು.

ಐದು ದಿನದಲ್ಲಿ ಸೊಸೆ ಇದನ್ನು ಕೇಳುತ್ತಿರುವುದು ಏಳನೆಯ ಸಲ. ಪ್ರತಿ ಸಲವೂ ವಿಮಾನ ಇನ್ನೊಂದಿಷ್ಟು ಹೆಚ್ಚು ವಾಲುತ್ತಿತ್ತು. ಹೀಗೇ ಹೋದರೆ ಮುಂದಿನ ವಾರ ಅದು ಪೂರ್ತಿ ಮಗುಚಿಕೊಳ್ಳುವುದು ಖಂಡಿತ.

ಇವತ್ತಿನ ಶ್ರೋತೃ ಎದುರುಮನೆಯಾಕೆ. ಕಾಫಿ ಲೋಟ ಹಿಡಿದು ಕುರ್ಚಿಯ ತುದಿಗೆ ಬಂದಿದ್ದಳು.

"ನಾವು ಇಳಿಯೋ ಹೊತ್ತಿಗೆ ಸರಿಯಾಗಿ, ಆ ತುದಿಯಲ್ಲಿ ನಿಂತಿದ್ದ ದೊಡ್ಡ ವಿಮಾನ ಇಂಜಿನ್ ಜೋರು ಮಾಡ್ತು. ಅದರ ಬೆನ್ನಹಿಂದಿನ ಗಾಳಿ ಅಂದ್ರೆ ಏನಂದ್ಕೊಂಡಿರಿ? ಕಾರನ್ನೇ ಎತ್ತಿ ಒಗೆಯುತ್ತೆ. ನಮ್ಮದು ಪುಟ್ಟದು, ನಲವತ್ತು ಜನದ್ದು. ಒಂದು ಚಕ್ರ ಹುಲ್ಲಿಗೇ ಹೋಯ್ತು."

"ಅಯ್ಯೋ! ನಿಮಗೆ ಭಯ ಆಗ್ಲಿಲ್ವಾ?"

"ಭಯಪಡೋಕೂ ಪುರುಸೊತ್ತು ಬೇಕಲ್ರೀ."

"ನಾನಾಗಿದ್ರೆ ಎಲ್ಲರಿಗಿಂತ ಮೊದಲು ಇಳಿದು ಓಡಿಬಿಡ್ತಿದ್ದೆ."

"ಎಲ್ಲರೂ ಇಳಿದ ಮೇಲೇ ನಾನು ಇಳಿದದ್ದು."

"ನಿಮ್ಮದು ಹಾಗೇ ಬಿಡಿ. ಇನ್ನಾದ್ರೂ ವಿಮಾನದ ಸಹವಾಸ ಬಿಟ್ಟು ರೈಲು ಹಿಡೀರಿ."

"ಈ ವಯಸ್ಸಲ್ಲಿ ರೈಲಿನವರು ನನ್ನನ್ನ ಸೇರಿಸ್ಕೋತಾರಾ?"

ಇಬ್ಬರೂ ಹೊಟ್ಟೆ ಹಿಡಿದು ನಕ್ಕರು. ನಗು ಮುಗಿದ ಮೇಲೆ ಎದುರುಮನೆಯಾಕೆ ದನಿ ತಗ್ಗಿಸಿ ಕೇಳಿದಳು, "ತಪ್ಪು ಯಾರದಂತೆ?"

"ವಿಮಾನಗಳಿಗೆ ದಾರಿ ಹೇಳೋ ಟವರಿನಲ್ಲಿ ಕೂತಿದ್ನಲ್ಲ, ಆ ಮುದುಕಂದು. ತೂಕಡಿಸ್ತಿದ್ನೋ ಏನೋ. ನಾಳೆ ತೀರ್ಮಾನ ಆಗುತ್ತೆ. ಲೈಸೆನ್ಸ್ ಕಿತ್ಕೊಂಡು ಮನೇಲಿ ಕೂರಿಸ್ಲಿ." ಅತ್ತೆ ಸೊಸೆಯ ಕಡೆ ತಿರುಗಿದರು. "ಅಲ್ವೇನೇ? ನೀನೂ ಅಲ್ಲೇ ಇದ್ದೆಯಲ್ಲ."

ಸೊಸೆ ಎದುರುಮನೆಯಾಕೆಯ ಕೈಯಿಂದ ಲೋಟ ಇಸಿದುಕೊಂಡು ಒಳಗೆ ನಡೆದಳು. ಅದರಲ್ಲಿ ಇನ್ನೂ ಅರ್ಧ ಕಾಫಿಯಿತ್ತು.

ಆ ಮುದುಕನನ್ನು ಟವರಿನಲ್ಲಿ ಎಲ್ಲರೂ ಮೇಷ್ಟ್ರು ಎನ್ನುತ್ತಿದ್ದರು. ಅವಳಿಗೆ ಕೆಲಸ ಕಲಿಸಿದವರು ಅವರೇ. ನೆಲದ ಮೇಲೆ ಓಡಾಡುವ ವಿಮಾನಗಳು ಅವಳ ಪಾಲು, ಇಳಿಯುವವು ಏರುವವು ಅವರ ಪಾಲು. ಇಬ್ಬರ ರೇಡಿಯೋ ಬೇರೆ ಬೇರೆ. ಒಬ್ಬರು ಆಡಿದ್ದು ಇನ್ನೊಬ್ಬರ ವಿಮಾನಗಳಿಗೆ ಕೇಳದು. ಮೈಕಿನಲ್ಲಿ ಆಡಿದ ಪ್ರತಿ ಮಾತೂ ದಾಖಲಾಗುತ್ತದೆ. ಆದರೆ ಪಕ್ಕಪಕ್ಕ ಕೂತ ಇವರಿಬ್ಬರ ನಡುವಿನದು ಕೈಸನ್ನೆ. ದೊಡ್ಡ ವಿಮಾನವೊಂದು ಇಂಜಿನ್ ಜೋರು ಮಾಡುತ್ತೇನೆ ಎಂದರೆ ಅವಳು ಕೈ ಎತ್ತಬೇಕು. ಮೇಷ್ಟ್ರು ತಲೆಯಾಡಿಸಿ, ಇಳಿಯಲು ಬರುತ್ತಿರುವುದನ್ನು ತಡೆಯುತ್ತಾರೆ. ಆಮೇಲಷ್ಟೇ ಅವಳು 'ಆಗಲಿ' ಎನ್ನಬೇಕು. ಎತ್ತಿದ ಕೈ ಯಾವ ಯಂತ್ರದಲ್ಲೂ ದಾಖಲಾಗುವುದಿಲ್ಲ. ಎತ್ತದ ಕೈಯೂ ಅಷ್ಟೇ.

ಅವತ್ತು ದೊಡ್ಡ ವಿಮಾನ ತಿರುವಿನಲ್ಲಿ ಸಿಕ್ಕಿಕೊಂಡಿತ್ತು. ಅದರ ಬಾಲ ನೇರವಾಗಿ, ವಿಮಾನಗಳು ಬಂದಿಳಿಯುವ ರನ್‌ವೇಯ ತುದಿಗೆ ಮುಖ ಮಾಡಿತ್ತು. ಹಿಂದೆ ಇನ್ನೂ ನಾಲ್ಕು ವಿಮಾನಗಳು ಸಾಲುಗಟ್ಟಿ ಅವಳ ಕಿವಿ ತಿನ್ನುತ್ತಿದ್ದವು. ಅವಳು 'ಆಗಲಿ' ಎಂದಳು. ಕೈ ಎತ್ತಲು ಮರೆತಳು.

ಮರೆವಿಗೆ ಕ್ಷಮೆಯಿದೆ. ಆದರೆ ಸಂಜೆ ವಿಚಾರಣೆಗೆಂದು ಕೊಟ್ಟ ಹೇಳಿಕೆಯಲ್ಲಿ ಅವಳು ಬರೆದದ್ದು ಮರೆವಲ್ಲ: 'ನಾನು ಕೈ ಎತ್ತಿದೆ. ಅವರು ತಲೆಯಾಡಿಸಿದರು.'

ಮೇಷ್ಟ್ರು ಜಗಳಕ್ಕೆ ಬರುತ್ತಾರೆಂದು ಅವಳು ತಯಾರಾಗಿದ್ದಳು. ಬಂದಿದ್ದರೆ ಎಷ್ಟೋ ವಾಸಿಯಿತ್ತು. ಅವರು ಅದನ್ನು ಎರಡು ಸಲ ಓದಿ, "ಎತ್ತಿರ್ತೀಯಮ್ಮ. ನನಗೇ ಕಾಣಿಸಿಲ್ಲ," ಎಂದರು. ಮರುದಿನ ಕಣ್ಣಿನ ಡಾಕ್ಟರ ಬಳಿ ಹೋದರು. ಡಾಕ್ಟರು ಏನೂ ದೋಷವಿಲ್ಲ ಎಂದರು. ಮೇಷ್ಟ್ರಿಗೆ ನಂಬಿಕೆ ಬರಲಿಲ್ಲ. ಇನ್ನೊಬ್ಬ ಡಾಕ್ಟರನ್ನು ಹುಡುಕಿ ಕನ್ನಡಕ ಬರೆಸಿಕೊಂಡೇ ಬಂದರು. ಈಗ ಅದನ್ನು ಹಾಕಿಕೊಂಡು, ದಾಖಲೆ ಕೋಣೆಯಲ್ಲಿ ಕಡತಗಳಿಗೆ ಚೀಟಿ ಅಂಟಿಸುತ್ತ ಕೂತಿದ್ದಾರೆ. ನಿನ್ನೆ ಬಾಗಿಲ ಮುಂದೆ ಹಾದವಳನ್ನು ಕರೆದು, "ನನ್ನ ದೆಸೆಯಿಂದ ನಿನಗೂ ವಿಚಾರಣೆ ಬಂತಲ್ಲ, ತಪ್ಪು ತಿಳ್ಕೋಬೇಡಮ್ಮ," ಎಂದರು. ಭೂಮಿ ಬಾಯಿಬಿಟ್ಟು ನುಂಗಬಾರದೇ ಎನ್ನಿಸಿತು ಅವಳಿಗೆ. ಆದರೆ ಆ ಕೋಣೆ ಇದ್ದದ್ದು ಮೂರನೆಯ ಮಹಡಿಯಲ್ಲಿ.

ಎದುರುಮನೆಯಾಕೆ ಹೊರಟುಹೋದಳು. ಸೊಸೆ ಅಡುಗೆಮನೆಯಿಂದ ಬಂದು ಅತ್ತೆಯ ಎದುರು ನಿಂತಳು. ಒದ್ದೆ ಕೈ ಒರೆಸಿಕೊಳ್ಳಲೂ ಇಲ್ಲ.

"ಅತ್ತೆ, ಮೇಷ್ಟ್ರು ತೂಕಡಿಸ್ತಿರಲಿಲ್ಲ."

"ಮತ್ತೆ?"

"ನಾನು ಕೈ ಎತ್ತಲೇ ಇಲ್ಲ. ಎತ್ತಿದೆ ಅಂತ ಸುಳ್ಳು ಬರೆದೆ. ಅವರು ಅದನ್ನ ನಂಬಿ, ತಮ್ಮ ಕಣ್ಣೇ ಹೋಗಿದೆ ಅಂದ್ಕೊಂಡಿದ್ದಾರೆ."

ಅತ್ತೆ ಪಟ್ಟಿ ಸುತ್ತಿದ ಕೈಯನ್ನು ಮಡಿಲಿಗೆ ಎಳೆದುಕೊಂಡರು.

"ನಿಮ್ಮ ಕೈಪಟ್ಟಿ ನೋಡಿದಾಗಲೆಲ್ಲ ನನಗೆ ಅನ್ನ ಇಳಿಯಲ್ಲ. ನಾಳೆ ಬೆಳಿಗ್ಗೆಯೇ ನಿಜ ಬರೆದು ಕೊಡ್ತೀನಿ. ಕೆಲಸ ಹೋದ್ರೆ ಹೋಗ್ಲಿ. ಬೈಯೋದಿದ್ರೆ ಈಗಲೇ ಬೈದುಬಿಡಿ."

ಬೈಗುಳ ಬರಲಿಲ್ಲ. ಐದು ದಿನ ಬಾಯಿಗೆ ಬಿಡುವು ಕೊಡದಿದ್ದ ಅತ್ತೆ ಈಗ ನೆಲ ನೋಡುತ್ತ ಕೂತಿದ್ದರು. ಕಿವಿಯವರೆಗೂ ಮುಖ ಕೆಂಪಾಗಿತ್ತು.

"ಬಿಳಿ ಹಾಳೆ ತಗೊಂಡು ಬಾ," ಎಂದರು ಕೊನೆಗೆ. "ಎರಡು ತಾ."

"ಎರಡು ಯಾಕತ್ತೆ?"

"ಏನೂ ಕಾಣಿಸ್ಲಿಲ್ಲ ಅಂತ ನಾನೂ ಬರೆದುಕೊಟ್ಟಿದ್ದೀನಿ ಕಣೇ. ಅಷ್ಟೆತ್ತರದಿಂದಲೇ ಧೂಳು ಏಳ್ತಿದ್ದದ್ದು ಕಂಡಿತ್ತು, ವಿಮಾನಾನ ವಾಪಸ್ ಮೇಲಕ್ಕೆ ಎತ್ಕೊಂಡು ಹೋಗ್ಬಹುದಿತ್ತು. ಈ ಕ್ಯಾಪ್ಟನಮ್ಮನಿಗೆ ವಯಸ್ಸಾಯ್ತು, ಧೈರ್ಯ ಸಾಲ್ದು ಅಂತ ಪಕ್ಕದಲ್ಲಿ ಕೂತಿದ್ದ ಪೈಲಟ್ ನಗ್ತಾನೇನೋ ಅಂತ, ಇಳಿಸೇಬಿಟ್ಟೆ."